ಸೀನನಿಗೆ, ಸರ್ವಾಧಿಕಾರಿಯ ಜಾಹೀರಾತು ರಿಪೇರಿಯ ವಿಚಾರವಾಗಿ

ಪ್ರೀತಿಯ ಸೀನ,

‘ನೋ’ ಸಿನಿಮಾ ಬಗ್ಗೆ, ಅದೇ, ಚಿಲಿಯ ಸರ್ವಾಧಿಕಾರಿ ಪಿನೋಚೆಯ ವಿರುದ್ಧದ ಟಿವಿ ಪ್ರಚಾರದ ಕತೆಯ ಬಗ್ಗೆ, ನಾಲ್ಕು ಸಾಲು ಕಳಿಸು ಅಂತ ನೀನು ಅಂದಿದ್ದೆ. ವಾಟ್ಸ್ಯಾಪಿನಲ್ಲಿ ಕಳಿಸಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಊರೆಲ್ಲ ನೋಡುವಂತೆ ಬರೆದರೆ ಉತ್ತರ ಕೊಡದೆ ವಿಧಿಯಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓದುತ್ತಿರುವ ಉಳಿದವರಲ್ಲಿ ಒಂದು ಅರಿಕೆ: ನಡುವೆ ಎಲ್ಲಾದರೂ ‘ಎರಡನೇ ಆಪ್ಷನ್ ಹುಲಿ’ ಬಂದರೆ ಅದು ನಮ್ಮಿಬ್ಬರ ವ್ಯವಹಾರ, ದಾಟಿಕೊಂಡು ಹೋಗಿ.

ಮೊದಲು ನಿನಗೆ ಬಾಯಲ್ಲಿ ನೀರೂರಿಸುವ ಸಂಗತಿ ಹೇಳಿಬಿಡುತ್ತೇನೆ. 2012ರಲ್ಲಿ ಈ ಸಿನಿಮಾ ಮಾಡುವಾಗ ನಿರ್ದೇಶಕ ಪಾಬ್ಲೊ ಲಾರ್ರಾಯಿನ್ ಈ ಕಾಲದ ಕ್ಯಾಮೆರಾ ಮುಟ್ಟಲೇ ಇಲ್ಲ. 1980ರ ದಶಕದ ಇಕೆಗಾಮಿ ಟ್ಯೂಬ್ ಕ್ಯಾಮೆರಾಗಳನ್ನು ಹುಡುಕಿಸಿ ತಂದು, ಒಂದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕಿಸಿ, ಯು-ಮ್ಯಾಟಿಕ್ ಟೇಪಿನ ಮೇಲೆ ಚಿತ್ರೀಕರಿಸಿದ. ಮುಕ್ಕಾಲು ಇಂಚು ಅಗಲದ ಟೇಪು ಅದು, ಸೋನಿ 1971ರಲ್ಲಿ ಹೊರತಂದದ್ದು. ಅಡ್ಡಡ್ಡ ಅಳೆದರೆ 250 ಗೆರೆಗಳ ಆಸುಪಾಸಿಗಿಂತ ಹೆಚ್ಚು ವಿವರ ಹಿಡಿಯದು. ಕ್ಯಾಮೆರಾದೊಳಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಟ್ಯೂಬು. ಮೂರು ಚಿತ್ರಗಳೂ ಆಚೀಚೆ ಆಗದೆ ಒಂದರ ಮೇಲೊಂದು ಕೂರಬೇಕು. ಬೆಳಿಗ್ಗೆ ಸರಿಯಾಗಿ ಕೂರಿಸಿದ್ದರೂ ಕ್ಯಾಮೆರಾ ಬಿಸಿಯಾದಂತೆ ಅವು ಜರುಗುತ್ತವೆ. ಆಗ ಮುಖದ ಒಂದು ಅಂಚಿಗೆ ಕೆಂಪು ಗೆರೆ, ಇನ್ನೊಂದು ಅಂಚಿಗೆ ನೀಲಿ-ಹಸಿರು ಗೆರೆ. ಕಾರಿನ ಹೆಡ್‌ಲೈಟ್ ಹಾದುಹೋದರೆ ಪರದೆಯ ಮೇಲೆ ಬಾಲ ಉಳಿಯುತ್ತದೆ. ಸೂರ್ಯನಿಗೆ ನೇರ ಹಿಡಿದರೆ ಟ್ಯೂಬಿಗೇ ಕಲೆ ಬೀಳುವ ಅಪಾಯ. ಹಾಗೆ ಹಿಡಿಯಬಾರದು ಅಂತ ಯಾವ ಗುರುವಾದರೂ ಕಲಿಸುವುದನ್ನು ಛಾಯಾಗ್ರಾಹಕ ಸೆರ್ಹಿಯೊ ಆರ್ಮ್‌ಸ್ಟ್ರಾಂಗ್ ಬೇಕಂತಲೇ ಮಾಡಿದ್ದಾನೆ. ಪಾತ್ರಗಳ ಬೆನ್ನ ಹಿಂದೆ ಬಿಸಿಲು ಸುರಿಯುತ್ತಿರುತ್ತದೆ, ಆಕಾಶ ಸುಣ್ಣದಂತೆ ಬಿಳಿ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ ಹೊಲಿಗೆ ಕಾಣಬಾರದು ಅಂತ. ಸಿನಿಮಾದ ಗಣನೀಯ ಪಾಲು 1988ರಲ್ಲಿ ನಿಜವಾಗಿ ಪ್ರಸಾರವಾದ ತುಣುಕುಗಳು. ಹೊಸದಾಗಿ ತೆಗೆದದ್ದು ಚೊಕ್ಕಟವಾಗಿದ್ದಿದ್ದರೆ ಪ್ರತಿ ಹಳೇ ತುಣುಕೂ ‘ನಾನು ಸಾಕ್ಷ್ಯಚಿತ್ರ’ ಅಂತ ಎದ್ದು ನಿಲ್ಲುತ್ತಿತ್ತು. ಡಿಜಿಟಲ್‌ನಲ್ಲಿ ತೆಗೆದು ಆಮೇಲೆ ಹಾಳು ಮಾಡಬಹುದಿತ್ತಲ್ಲ ಅಂತ ನೀನು ಕೇಳುತ್ತೀಯ. ಆಗುವುದಿಲ್ಲ ಕಣೋ. ನೀನೇ ಹೇಳುವ ಹಾಗೆ ಗ್ರೇನ್ ಹಾಕಬಹುದು, ಬಣ್ಣ ಕೆಡಿಸಬಹುದು, ಆದರೆ ಬೆಳಕು ಸುಟ್ಟುಹೋಗುವ ರೀತಿ ಟ್ಯೂಬಿನದೇ ಬೇರೆ. ಒಂದು ಜಾಗ ಗಮನಿಸು: ಆ ಕಾಲದ ನಿರೂಪಕ ಪಾತ್ರಿಸಿಯೊ ಬನ್ಯಾದೋಸ್ ಸಿನಿಮಾದಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ್ದಾರೆ, ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ. ಸ್ಟುಡಿಯೋದಲ್ಲಿ ಮುದುಕ ಬನ್ಯಾದೋಸ್ ಓದುತ್ತಾರೆ, ಮಾನಿಟರಿನಲ್ಲಿ 1988ರ ಬನ್ಯಾದೋಸ್ ಕಾಣುತ್ತಾರೆ. ಅದು ಕಣ್ಣಿಗೆ ಹೊಡೆಯಬೇಕು, ಹೊಡೆಯುವುದಿಲ್ಲ. ಸಿನಿಮಾದ ನಿಜವಾದ ಸ್ಪೆಷಲ್ ಎಫೆಕ್ಟ್ ಅದೊಂದೇ.

ಕ್ಯಾಮೆರಾ ಪುರಾಣ ಸಾಕು. ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ: ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರಂದು ಸೇನೆ ದಂಗೆಯೆದ್ದು ಚುನಾಯಿತ ಅಧ್ಯಕ್ಷ ಸಾಲ್ವದೋರ್ ಅಯೆಂದೆಯನ್ನು ಉರುಳಿಸಿತು, ಜನರಲ್ ಅಗುಸ್ತೊ ಪಿನೋಚೆ ಕುರ್ಚಿ ಹಿಡಿದ. ಅವನ ಆಳ್ವಿಕೆಯಲ್ಲಿ ಸತ್ತವರು, ಕಾಣೆಯಾದವರು ಸೇರಿ ಮೂರು ಸಾವಿರಕ್ಕೂ ಹೆಚ್ಚು. 1980ರಲ್ಲಿ ತನಗೆ ಬೇಕಾದ ಸಂವಿಧಾನ ಬರೆಸಿಕೊಂಡಾಗ ಅದರಲ್ಲಿ ಒಂದು ಕಲಂ ಇತ್ತು: ಎಂಟು ವರ್ಷದ ನಂತರ ಸೇನಾ ಮುಖ್ಯಸ್ಥರು ಒಬ್ಬನ ಹೆಸರು ಸೂಚಿಸಬೇಕು, ಇನ್ನೆಂಟು ವರ್ಷಕ್ಕೆ ಅವನು ಬೇಕೋ ಬೇಡವೋ ಅಂತ ಜನ ಹೇಳಬೇಕು. ಸೂಚಿಸಿದ ಹೆಸರು ಯಾವುದು ಅಂತ ಕೇಳಬೇಡ. ಮತದಾನ 1988ರ ಅಕ್ಟೋಬರ್ 5ಕ್ಕೆ. ಅದಕ್ಕೆ ಮುಂಚೆ 27 ದಿನ ಟಿವಿಯಲ್ಲಿ ‘ಹೌದು’ ಬಣಕ್ಕೆ 15 ನಿಮಿಷ, ‘ಬೇಡ’ ಬಣಕ್ಕೆ 15 ನಿಮಿಷ. ಬಹುತೇಕ ದಿನ ಊರು ಮಲಗುವ ಹೊತ್ತಿಗೆ. ಯಾರು ನೋಡುತ್ತಾರೆ ಅನ್ನುವ ಲೆಕ್ಕಾಚಾರ. ಎಲ್ಲರೂ ನೋಡಿದರು.

ಸಿನಿಮಾದ ನಾಯಕ ರೆನೆ ಸಾವೆದ್ರಾ, ‘ಬೇಡ’ ಬಣದ ಪ್ರಚಾರ ರೂಪಿಸುವ ಜಾಹೀರಾತಿನವನು. ಗಾಯೆಲ್ ಗಾರ್ಸಿಯಾ ಬೆರ್ನಾಲ್ ಮಾಡಿದ್ದಾನೆ. ಚಿಲಿಯ ಲೇಖಕ ಆಂತೊನಿಯೊ ಸ್ಕಾರ್ಮೆತಾನ ಒಂದು ಅಪ್ರಕಟಿತ ನಾಟಕದಿಂದ ಹುಟ್ಟಿದ ಕಲ್ಪಿತ ಪಾತ್ರ. ಶುರುವಿನಲ್ಲೇ ‘ಫ್ರೀ’ ಅನ್ನುವ ಕೋಲಾದ ಜಾಹೀರಾತನ್ನು ಕ್ಲೈಂಟಿನ ಮುಂದೆ ಇಡುತ್ತಾನೆ. ಇಡುವ ಮುಂಚೆ ಒಂದು ಪೀಠಿಕೆ: ನೀವೀಗ ನೋಡುವುದು ಇವತ್ತಿನ ಸಾಮಾಜಿಕ ಸಂದರ್ಭಕ್ಕೆ ತಕ್ಕದ್ದು, ದೇಶ ಇಂಥದ್ದಕ್ಕೆ ತಯಾರಾಗಿದೆ, ಚಿಲಿ ತನ್ನ ಭವಿಷ್ಯ ನೋಡುತ್ತಿದೆ, ಹೀಗೆ. ಆಮೇಲೆ ತೋರಿಸುವುದು ಕುಣಿಯುವ ಹುಡುಗ ಹುಡುಗಿಯರು ಮತ್ತು ಒಬ್ಬ ಮೂಕಾಭಿನಯದವನು. ಕ್ಲೈಂಟ್ ಕೇಳುವುದು ಒಂದೇ ಪ್ರಶ್ನೆ: ಈ ಮೂಕಾಭಿನಯದವನು ಯಾಕೆ? ನಿನ್ನ ನೆನಪಾಗಿ ಬಿದ್ದು ಬಿದ್ದು ನಕ್ಕೆ. ಹುಲಿಗೂ ಇದೇ ಪ್ರಶ್ನೆ ಬಂದಿತ್ತಲ್ಲ.

ಅದೇ ಪೀಠಿಕೆಯನ್ನು ಅಕ್ಷರ ಬದಲಿಸದಂತೆ ಅವನು ಸರ್ವಾಧಿಕಾರ ವಿರೋಧಿ ಪಕ್ಷಗಳ ನಾಯಕರ ಮುಂದೆ ಹೇಳುತ್ತಾನೆ. ಕೊನೆಗೆ, ಎಲ್ಲ ಮುಗಿದ ಮೇಲೆ, ಒಂದು ಟಿವಿ ಧಾರಾವಾಹಿಯ ಪ್ರಚಾರಕ್ಕೂ ಅದನ್ನೇ ಹೇಳುತ್ತಾನೆ. ಈ ಮೂರು ಸಲದ ಪೀಠಿಕೆಯನ್ನು ಪಕ್ಕಕ್ಕಿಟ್ಟುಕೋ, ಅದರ ಹತ್ತಿರ ಆಮೇಲೆ ಬರುತ್ತೇನೆ.

ಈಗ ‘ಬೇಡ’ ಬಣದ ಆ 15 ನಿಮಿಷ. ಸಿನಿಮಾ ನೋಡಿದವರು ಹಾಡು, ಕಾಮನಬಿಲ್ಲು, ಪಿಕ್ನಿಕ್ಕು ಇಷ್ಟೇ ಅಂದುಕೊಂಡು ಹೋಗುತ್ತಾರೆ. ಮೂಲ ಕಾರ್ಯಕ್ರಮಗಳನ್ನು ನೋಡಬೇಕು, ಕಟ್ಟಿದ ರೀತಿ ಬೇರೆಯೇ ಇದೆ. ಮೊದಲನೆಯದಾಗಿ ಅದು ಜಾಹೀರಾತಿನ ಗಂಟಲ್ಲ, ವಾರ್ತಾ ಕಾರ್ಯಕ್ರಮದ ಅಚ್ಚು. ನಡುವೆ ಬನ್ಯಾದೋಸ್ ಕೂತಿರುತ್ತಾರೆ, ಕೋಟು, ಟೈ, ಏರಿಳಿತವಿಲ್ಲದ ದನಿ. ಈ ಮನುಷ್ಯನನ್ನು ಸರ್ಕಾರ ಟಿವಿಯಿಂದ ದೂರ ಇಟ್ಟಿತ್ತು. ಅಷ್ಟು ವರ್ಷ ಕಾಣದ ಮುಖ ತಣ್ಣಗೆ ‘ನಮಸ್ಕಾರ’ ಅಂದರೆ, ಅದಕ್ಕೆ ಬೇರೆ ಘೋಷಣೆ ಬೇಕಾಗಿಲ್ಲ. ಅವರ ಸುತ್ತ ಸುದ್ದಿ, ಹಾಸ್ಯ, ಸಂದರ್ಶನ, ಹಾಡು. ಒಂದೂ ಉದ್ದ ಎಳೆಯುವುದಿಲ್ಲ. ನೋವಿನ ತುಣುಕು ಬಂದರೆ ಅದರ ಹಿಂದೆಯೇ ಉಸಿರು ಬಿಡಲು ಏನಾದರೂ ಇರುತ್ತದೆ. ಈ ಜೋಡಣೆಯ ಕ್ರಮವೇ ಅರ್ಧ ಗೆಲುವು ಅಂತ ನನ್ನ ಅಭಿಪ್ರಾಯ.

‘ಸಂತೋಷ ಬರುತ್ತಿದೆ’ ಅನ್ನುವ ‘ಬೇಡ’ ಬಣದ ಹಾಡಿನ ಪಲ್ಲವಿಯೂ ಯಾವನೋ ಸ್ಕೇಟ್‌ಬೋರ್ಡ್ ಮೇಲೆ ಹೋಗುವಾಗ ಹೊಳೆದದ್ದಲ್ಲ. ಸಮಾಜಶಾಸ್ತ್ರಜ್ಞರು ಜನರನ್ನು ಸಣ್ಣ ಸಣ್ಣ ಗುಂಪಾಗಿ ಕೂರಿಸಿ ಮಾತಾಡಿಸಿದ್ದರು. ಮನಸ್ಸು ಗಟ್ಟಿ ಮಾಡದವರಲ್ಲಿ ಸಿಕ್ಕಿದ್ದು ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆ ಮತ್ತು ‘ಏನು ಮಾಡಿದರೂ ಅಷ್ಟೇ’ ಅನ್ನುವ ಸುಸ್ತು. ವಯಸ್ಸಾದ ಹೆಂಗಸರಿಗೆ ಅಯೆಂದೆ ಕಾಲದ ಅಂಗಡಿ ಮುಂದಿನ ಕ್ಯೂಗಳು ಮರಳಿ ಬರುವ ಭಯ. ಹುಡುಗರಿಗೆ ಎಣಿಕೆಯಲ್ಲಿ ಮೋಸ ಖಂಡಿತ ಅನ್ನುವ ನಂಬಿಕೆ. ಹೆದರಿದವನಿಗೆ ಅವನು ಪಟ್ಟ ಪಾಡನ್ನೇ ಮತ್ತೆ ತೋರಿಸಿದರೆ ಅವನು ಇನ್ನಷ್ಟು ಹೆದರಿ ಮನೆಯಲ್ಲಿ ಕೂರುತ್ತಾನೆ. ಹಾಗಾಗಿ ಬ್ರೀಫ್, ಅಂದರೆ ಕೆಲಸದ ಸೂಚನೆ, ಏನೆಂದರೆ, ಹೆದರಿಕೆ ಇಳಿಸು. ಸಿಟ್ಟನ್ನು ಈಗ ಮುಟ್ಟಬೇಡ. ನಿಜ ಜೀವನದಲ್ಲಿ ಕ್ರಿಯೇಟಿವ್ ಹೊಣೆ ಹೊತ್ತವನು ಎವ್‌ಹೇನಿಯೊ ಗಾರ್ಸಿಯಾ, ಇಡೀ ಕಾರ್ಯಕ್ರಮದ ಉಸ್ತುವಾರಿ ಹುವಾನ್ ಗಾಬ್ರಿಯೆಲ್ ವಾಲ್ದೆಸ್. ಹಾಡಿಗೆ ರಾಗ ಹೈಮೆ ದೆ ಆಗಿರೆ, ಸಾಹಿತ್ಯ ಸೆರ್ಹಿಯೊ ಬ್ರಾವೊ. ಹದಿನಾರು ಹದಿನೇಳು ಪಕ್ಷಗಳು ಒಂದು ಬಣ್ಣಕ್ಕೆ ಒಪ್ಪುವುದು ಸಾಧ್ಯವೇ ಇರಲಿಲ್ಲ, ಎಲ್ಲ ಬಣ್ಣವನ್ನೂ ಹಾಕಿದರು, ಕಾಮನಬಿಲ್ಲಾಯಿತು. ಸಮಿತಿ ಸೇರಿ ಮಾಡಿದ ಲೋಗೋಗಳಲ್ಲಿ ಚೆನ್ನಾಗಿ ಬಂದದ್ದು ಚರಿತ್ರೆಯಲ್ಲಿ ಬಹುಶಃ ಇದೊಂದೇ.

ಎರಡು ತುಣುಕು ಹತ್ತಿರದಿಂದ ನೋಡು.

ಒಂದು, ಕ್ವೇಕಾ. ಗಂಡು ಹೆಣ್ಣು ಕರವಸ್ತ್ರ ಬೀಸುತ್ತ ಜೋಡಿಯಾಗಿ ಕುಣಿಯುವ ಕುಣಿತ. 1979ರಲ್ಲಿ ಪಿನೋಚೆ ಸರ್ಕಾರವೇ ಅದನ್ನು ರಾಷ್ಟ್ರೀಯ ನೃತ್ಯ ಅಂತ ಘೋಷಿಸಿತ್ತು. ಕಾರ್ಯಕ್ರಮದಲ್ಲಿ ಕಾಣೆಯಾದವರ ಹೆಂಡಂದಿರು, ತಾಯಂದಿರು ಬಂದು ಅದೇ ಕ್ವೇಕಾವನ್ನು ಒಬ್ಬೊಬ್ಬರೇ ಕುಣಿಯುತ್ತಾರೆ. ಎದೆಯ ಮೇಲೆ ಪಿನ್ನು ಹಾಕಿದ ಫೋಟೊ. ಎದುರಿಗೆ ಖಾಲಿ ಜಾಗ, ಆ ಖಾಲಿ ಜಾಗಕ್ಕೇ ಕರವಸ್ತ್ರ ಬೀಸುತ್ತಾರೆ, ಅದರ ಸುತ್ತಲೇ ಹೆಜ್ಜೆ ಹಾಕುತ್ತಾರೆ. ಸರ್ಕಾರಕ್ಕೆ ಆಕ್ಷೇಪಿಸಲು ಒಂದು ಪದವೂ ಸಿಗುವುದಿಲ್ಲ. ರಾಷ್ಟ್ರೀಯ ನೃತ್ಯ ಕುಣಿದರೆ ತಪ್ಪೇನು?

ಇನ್ನೊಂದು, ಓಲ್ಗಾ ಗಾರಿದೊ. ವಯಸ್ಸಾದ ಹೆಂಗಸು, ಕುರ್ಚಿಯ ಮೇಲೆ ಕೂತು ತನ್ನನ್ನು ಹಿಡಿದುಕೊಂಡು ಹೋದದ್ದು, ಹಿಂಸೆ ಕೊಟ್ಟದ್ದು ಹೇಳುತ್ತಾರೆ. ಅಳುವುದಿಲ್ಲ, ದನಿ ಏರಿಸುವುದಿಲ್ಲ.  ಆಮೇಲೆ ಪಕ್ಕದಲ್ಲಿ ಒಬ್ಬ ಕಾಣಿಸಿಕೊಳ್ಳುತ್ತಾನೆ: ಕಾರ್ಲೋಸ್ ಕಸ್ಸೆಲಿ, ದೇಶವೇ ತಲೆ ಮೇಲೆ ಹೊತ್ತ ಫುಟ್‌ಬಾಲ್ ಆಟಗಾರ, 1974ರ ವಿಶ್ವಕಪ್ಪಿಗೆ ಹೊರಡುವ ಮುನ್ನ ಪಿನೋಚೆಗೆ ಕೈ ಕುಲುಕಲು ಒಪ್ಪದವನು. ತನ್ನ ಮತ ‘ಬೇಡ’ಕ್ಕೆ ಅಂದು, ಇವರು ನನ್ನ ತಾಯಿ ಅನ್ನುತ್ತಾನೆ. ಅಷ್ಟೇ. ಮುಂಚೆಯೇ ಅವನನ್ನು ತೋರಿಸಿದ್ದರೆ ಅದು ಸೆಲೆಬ್ರಿಟಿ ಜಾಹೀರಾತು ಆಗುತ್ತಿತ್ತು. ಮೊದಲು ಯಾರೋ ಒಬ್ಬರ ತಾಯಿ, ಆಮೇಲೆ ಅವನ ತಾಯಿ. ಮಾಹಿತಿಯನ್ನು ಎಷ್ಟು ಹೊತ್ತು ತಡೆದಿಡಬೇಕು ಅನ್ನುವುದನ್ನು ಹುಡುಗರಿಗೆ ಪಾಠ ಮಾಡುವುದಾದರೆ ನಾನು ಇದನ್ನೇ ಹಾಕಿ ತೋರಿಸುತ್ತೇನೆ.

ಇದರ ನಡುವೆ ಒಂದು ರಾತ್ರಿ ಪ್ರಸಾರವೇ ಆಗಲಿಲ್ಲ. ಚಿತ್ರಹಿಂಸೆಯ ಬಗ್ಗೆ ರೆನೆ ಗಾರ್ಸಿಯಾ ವಿಯೇಗಾಸ್ ಅನ್ನುವ ನ್ಯಾಯಾಧೀಶರು ಮಾತಾಡಿದ್ದ ಭಾಗವನ್ನು ಅಧಿಕಾರಿಗಳು ತಡೆದರು. ತಡೆದದ್ದೇ ಸುದ್ದಿಯಾಯಿತು. ನಿಷೇಧ ಅನ್ನುವುದು ಪುಕ್ಕಟೆ ಮೀಡಿಯಾ ಬಜೆಟ್ ಅಂತ ಸರ್ಕಾರಗಳಿಗೆ ಯಾವತ್ತೂ ಅರ್ಥವಾಗುವುದಿಲ್ಲ.

ಸಿನಿಮಾ ಎಲ್ಲಿ ಸೋಲುತ್ತದೆ ಅಂತಲೂ ಹೇಳಬೇಕು. ‘ಬೇಡ’ ಪ್ರಚಾರದ ನಿಜವಾದ ನಿರ್ದೇಶಕ ಹೆನಾರೊ ಆರಿಯಾಗಾದ ಇದನ್ನು ನೋಡಿ ಸಿಟ್ಟಾದರು. ಜಾಹೀರಾತು ಒಂದೇ ಗೆಲ್ಲಿಸಿದಂತೆ ತೋರಿಸಿದ್ದೀರಿ ಅನ್ನುವುದು ಅವರ ತಕರಾರು. ಅವರ ಪರವಾಗಿಯೇ ನಾನೂ. ಲೆಕ್ಕ ನೋಡು. ಹಳೆಯ ಮತದಾರರ ಪಟ್ಟಿಯನ್ನು ಸೇನಾಡಳಿತ ನಾಶಮಾಡಿತ್ತು. 1980ರ ಮತದಾನ ನಡೆದದ್ದು ಪಟ್ಟಿಯೇ ಇಲ್ಲದೆ. 1987ರ ಫೆಬ್ರುವರಿಯಲ್ಲಿ ಹೊಸ ನೋಂದಣಿ ತೆರೆದಾಗ ಸಾಲು ಹಚ್ಚಲು ಯಾರೂ ಉತ್ಸುಕರಿರಲಿಲ್ಲ. ಹೆಸರು ಬರೆಸುವುದು ಐಚ್ಛಿಕ, ಬರೆಸಿದ ಮೇಲೆ ಮತ ಹಾಕುವುದು ಕಡ್ಡಾಯ. ಸರ್ವಾಧಿಕಾರಿಯ ಪುಸ್ತಕದಲ್ಲಿ ಯಾರು ತಾನೇ ಹೆಸರು, ವಿಳಾಸ ಬರೆಸುತ್ತಾರೆ? ಮನೆಮನೆಗೆ ಹೋಗಿ, ಚರ್ಚಿನ ಅಂಗಳದಲ್ಲಿ ಮೇಜು ಹಾಕಿ, ‘ಮತ ಗುಟ್ಟಾಗಿಯೇ ಇರುತ್ತದೆ’ ಅಂತ ನಂಬಿಸಿ ನಂಬಿಸಿ, ಕೊನೆಗೆ 74 ಲಕ್ಷಕ್ಕೂ ಹೆಚ್ಚು ಜನ ನೋಂದಾಯಿಸಿದರು. ಅರ್ಹರಲ್ಲಿ ನೂರಕ್ಕೆ ತೊಂಬತ್ತರ ಮೇಲೆ. ಇದೆಲ್ಲ ಆದದ್ದು ಹಾಡು ಕೇಳುವ ಮುಂಚೆ. ಪಟ್ಟಿಯಲ್ಲಿ ಹೆಸರಿಲ್ಲದವನನ್ನು ಎಷ್ಟು ಒಳ್ಳೆಯ ಜಿಂಗಲ್ಲೂ ಮತಗಟ್ಟೆಗೆ ಕಳಿಸಲಾರದು.

ಎಣಿಕೆ ಇನ್ನೊಂದು. ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಟ್ಟೆ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ‘ಬೇಡ’ ಬಣ ಮತಗಟ್ಟೆಗಳಲ್ಲಿ ತನ್ನ ಏಜೆಂಟರನ್ನು ಕೂರಿಸಿತು, ಅಲ್ಲಿಯ ಎಣಿಕೆಯನ್ನು ಫೋನು, ಫ್ಯಾಕ್ಸಿನಲ್ಲಿ ತರಿಸಿಕೊಂಡು ಕಂಪ್ಯೂಟರಿನಲ್ಲಿ ತಾನೇ ಕೂಡಿಸಿತು. ಅಕ್ಟೋಬರ್ 5ರ ಸಂಜೆ ಗೃಹ ಇಲಾಖೆಯ ಅಲ್ಬೆರ್ತೊ ಕಾರ್ದೆಮಿಲ್ ಟಿವಿಯಲ್ಲಿ ಮೊದಲ ಫಲಿತಾಂಶ ಓದಿದ: ಬರೀ 79 ಮತಗಟ್ಟೆ, ‘ಹೌದು’ ಶೇ. 57. ಆಮೇಲೆ ಗಂಟೆಗಟ್ಟಲೆ ನಿಧಾನ. ಎದುರಿಗೆ ಸಮಾನಾಂತರ ಲೆಕ್ಕ ಇಲ್ಲದಿದ್ದರೆ ಆ ನಿಧಾನದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಬಲಪಂಥೀಯರದೇ ಹಿರಿತಲೆ ಸೆರ್ಹಿಯೊ ಓನೊಫ್ರೆ ಹಾರ್ಪಾ ಟಿವಿಯಲ್ಲೇ ವಾಸ್ತವ ಒಪ್ಪಿಕೊಂಡ. ಮಧ್ಯರಾತ್ರಿ ದಾಟಿದ ಮೇಲೆ ವಾಯುಪಡೆಯ ಮುಖ್ಯಸ್ಥ ಫೆರ್ನಾಂದೊ ಮತ್ತೈ ಅಧ್ಯಕ್ಷರ ಅರಮನೆಯೊಳಗೆ ಹೋಗುತ್ತ, ಬಾಗಿಲಲ್ಲೇ ಪತ್ರಕರ್ತರಿಗೆ ‘ಬೇಡ’ ಗೆದ್ದಿದೆ ಅನ್ನಿಸುತ್ತದೆ ಅಂದುಬಿಟ್ಟ. ಒಳಗೆ ಪಿನೋಚೆ ವಿಶೇಷಾಧಿಕಾರ ಕೇಳಿದಾಗ ಸಹೋದ್ಯೋಗಿ ಜನರಲ್‌ಗಳು ಕೊಡಲಿಲ್ಲ. ಬೇಡ 39.67 ಲಕ್ಷ, ಹೌದು 31.19 ಲಕ್ಷ. ಶೇ. 56ಕ್ಕೆ 44.

ಈ 44ರ ಮೇಲೆ ನನ್ನ ಕಣ್ಣು ನೆಟ್ಟಿತು ನೋಡು, ಸೋತ ಬಣದ ಪ್ರಚಾರವನ್ನು ನಾನಾಗಿದ್ದರೆ ಹೇಗೆ ರಿಪೇರಿ ಮಾಡುತ್ತಿದ್ದೆ ಅಂತ ಅಲ್ಲಿಂದ ಶುರುವಾಯಿತು ರಗಳೆ.

ಹದಿನೈದು ವರ್ಷದ ಸರ್ವಾಧಿಕಾರ, ಇಷ್ಟು ಕೆಟ್ಟ ಪ್ರಚಾರ, ಆದರೂ 44. ‘ಹೌದು’ ಬಣದ ಕಾರ್ಯಕ್ರಮಗಳನ್ನೂ ನೋಡು ಸೀನ, ಹಲ್ಲು ಕಡಿಯುವಂತಿವೆ. ದುಡ್ಡಿತ್ತು, ಸರ್ಕಾರವಿತ್ತು, ಉಳಿದ ಇಡೀ ದಿನ ಟಿವಿಯೂ ಅವರದೇ. ಬರುತ್ತ ಬರುತ್ತ ‘ಬೇಡ’ದವರನ್ನು ಅಣಕಿಸಲು ಹೊರಟರು. ಇಲ್ಲೇ ಎಡವಟ್ಟು. ಎದುರಾಳಿಯ ಹಾಡನ್ನು ಅಣಕಿಸಿದರೆ ಜನರ ತಲೆಯಲ್ಲಿ ಓಡುವುದು ಎದುರಾಳಿಯ ಹಾಡೇ. ನಿನ್ನ 15 ನಿಮಿಷದಲ್ಲಿ ಅವನಿಗೆ ಅರ್ಧ ನಿಮಿಷ ದಾನ. ಅಣಕ ಎಲ್ಲ ತೆಗೆ. ಎರಡನೆಯದು, ಹದಿನೈದು ವರ್ಷ ಸಮವಸ್ತ್ರ, ಕಪ್ಪು ಕನ್ನಡಕದಲ್ಲಿ ನೋಡಿದ ಮನುಷ್ಯನನ್ನು ಇದ್ದಕ್ಕಿದ್ದಂತೆ ಸೂಟು ಹಾಕಿಸಿ ನಗಿಸಿದರೆ ಅಜ್ಜನಂತೆ ಕಾಣುವುದಿಲ್ಲ, ಏನೋ ಮುಚ್ಚಿಡುತ್ತಿದ್ದಾನೆ ಅಂತ ಕಾಣುತ್ತದೆ. ಅವನನ್ನು ಪರದೆಯಿಂದಲೇ ತೆಗೆ. ಅವನ ಹೆಸರಿನ ಬದಲು ‘ಈಗಿರುವುದು’ ಅನ್ನುವುದನ್ನು ಮಾರು. ಮೂರನೆಯದು, 1973ರ ಕ್ಯೂ, ಗಲಭೆ ತೋರಿಸಿ ಹೆದರಿಸುವುದು ಆಗಲೇ ಹೆದರಿದವರ ಮೇಲಷ್ಟೇ ಕೆಲಸ ಮಾಡುತ್ತದೆ, ಅವರ ಮತ ಆಗಲೇ ಜೇಬಿನಲ್ಲಿದೆ. ಹದಿನೆಂಟು ತುಂಬಿದವನಿಗೆ ಆಗ ಮೂರು ವರ್ಷ. ಅವನಿಗೆ ಅದು ಅಜ್ಜಿಕತೆ. ನಾಲ್ಕನೆಯದು, ‘ಗೆಲ್ಲುವ ದೇಶ’ ಅನ್ನುವ ಘೋಷಣೆ. ನೂರಕ್ಕೆ ಸುಮಾರು 45 ಮಂದಿ ಬಡವರಿರುವಾಗ ಗೆದ್ದೆವು ಅಂದರೆ, ಗೆದ್ದವರು ಯಾರು ಅಂತ ಜನ ಕೇಳುತ್ತಾರೆ. ‘ಬೇಡ’ದವರು ಅದಕ್ಕೆ ಕೊಟ್ಟ ಉತ್ತರ ಅಂಗಡಿಯಲ್ಲಿ ಒಂದೇ ಒಂದು ಟೀ ಬ್ಯಾಗ್ ಕೊಳ್ಳುವ ಅಜ್ಜಿ. ಗೆಲುವು ಬಿಡು, ನಿನ್ನ ಓಣಿಗೆ ಬಂದ ನಲ್ಲಿ, ನಿನ್ನ ಮನೆಯ ಹಕ್ಕುಪತ್ರ, ಇಂಥ ಸಣ್ಣ ಸಣ್ಣದನ್ನು ಹಿಡಿ. ಅದನ್ನು ಕಳೆದುಕೊಳ್ಳುತ್ತೀಯಾ ಅಂತ ಮೆತ್ತಗೆ ಕೇಳು.

ನೋಟ್‌ಪ್ಯಾಡ್ ತುಂಬ ಬರೆದೆ. ಕೈ ಚೆನ್ನಾಗಿ ಓಡುತ್ತಿತ್ತು. ಇತ್ತೀಚೆಗೆ ಸಂಬಳದ ಕೆಲಸಕ್ಕೂ ಹಾಗೆ ಓಡಿರಲಿಲ್ಲ.

ಅದರ ಕೆಳಗೆ ‘ಎದುರಾಳಿಯ ಬಲಗಳು’ ಅಂತ ಒಂದು ಪಟ್ಟಿ. ನಮ್ಮ ಜಾಹೀರಾತಿನವರ ಅಭ್ಯಾಸ ನಿನಗೆ ಗೊತ್ತಲ್ಲ, ಪ್ರತಿಯೊಂದರ ಮುಂದೆ ನಾವೇನು ಮಾಡಬೇಕು ಅಂತ ಬರೆಯುವುದು. ಓಲ್ಗಾ ಗಾರಿದೊ ಅಂತ ಬರೆದು ಮುಂದೆ ಹೀಗೆ ಹಾಕಿದ್ದೆ: ‘ಉತ್ತರ ಕೊಡಬೇಡಿ. ಮೌನ. ಮರುದಿನ ಮಕ್ಕಳಿರುವ ಬೆಚ್ಚಗಿನ ಸ್ಪಾಟ್.’

ಹಿಂಸೆ ಅನುಭವಿಸಿದ ಒಬ್ಬ ತಾಯಿಯನ್ನು ಹೇಗೆ ನಿಭಾಯಿಸಬೇಕು ಅಂತ, ಯಾರೂ ಕೇಳದೆ, ಯಾರೂ ದುಡ್ಡು ಕೊಡದೆ, ಖುಷಿಯಿಂದ ಬರೆದಿದ್ದೇನೆ. ಸಲಹೆ ಸರಿಯಾಗಿಯೇ ಇದೆ ಅನ್ನುವುದು ಇನ್ನೂ ಕೆಟ್ಟದ್ದು. ಈಗ ಓದಿದರೂ ನನ್ನೊಳಗಿನ ಕೆಲಸಗಾರ ತಲೆದೂಗುತ್ತಾನೆ.

ಸಿನಿಮಾದಲ್ಲಿ ಈ ಕೆಲಸಗಾರನಿಗೊಂದು ಹೆಸರಿದೆ, ಲೂಚೊ ಗುಸ್ಮಾನ್. ಸಾವೆದ್ರಾನ ಬಾಸು, ಆಲ್ಫ್ರೆಡೊ ಕಾಸ್ತ್ರೊ ಮಾಡಿದ್ದಾನೆ. ಸರ್ಕಾರದ ಪ್ರಚಾರಕ್ಕೆ ಕೆಲಸ ಮಾಡುವವನು. ಪಿನೋಚೆ ಸೋತ ಮೇಲೆ ಅವನಿಗೆ ಏನೂ ಆಗುವುದಿಲ್ಲ. ಧಾರಾವಾಹಿಯ ಪ್ರಚಾರಕ್ಕೆ ಸಾವೆದ್ರಾನ ಪಕ್ಕದಲ್ಲೇ ಕೂತಿರುತ್ತಾನೆ, ಅದೇ ಪೀಠಿಕೆ ಶುರುವಾಗುತ್ತದೆ. ಒಬ್ಬ ಗೆದ್ದವನು, ಇನ್ನೊಬ್ಬ ಸೋತವನು, ಕ್ಲೈಂಟಿನ ಕಣ್ಣಿಗೆ ಒಂದು ಏಜೆನ್ಸಿ. ಲಾರ್ರಾಯಿನ್‌ನ ತಂದೆ ತಾಯಿ ಇಬ್ಬರೂ ಚಿಲಿಯ ಬಲಪಂಥೀಯ ರಾಜಕಾರಣಿಗಳು, ತಂದೆ ಸೆನೆಟರಾಗಿದ್ದವರು, ತಾಯಿ ಮಂತ್ರಿಯಾಗಿದ್ದವರು. ಆ ಕೊನೆಯ ಮೇಜನ್ನು ಅಷ್ಟು ತಣ್ಣಗೆ ತೋರಿಸಲು ಅವನಿಗೆ ಹೇಗೆ ಸಾಧ್ಯವಾಯಿತು ಅಂತ ಇದನ್ನು ನೋಡಿದರೆ ಅರ್ಥವಾಗುತ್ತದೆ. ಗೆದ್ದ ರಾತ್ರಿ ಸಾವೆದ್ರಾ ಮಗನನ್ನು ಎತ್ತಿಕೊಂಡು ಕುಣಿಯುವ ಜನರ ನಡುವೆ ನಡೆಯುತ್ತಾನಲ್ಲ, ಮುಖದಲ್ಲಿ ಏನೂ ಇಲ್ಲ. ಮೊದಲ ಸಲ ನೋಡಿದಾಗ ಸುಸ್ತು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅದು ಕೆಲಸ ಮುಗಿಸಿದವನ ಮುಖ. ಪ್ರಾಜೆಕ್ಟ್ ಕ್ಲೋಸ್ ಆದ ದಿನ ಕನ್ನಡಿಯಲ್ಲಿ ನಾನು ನೋಡುವ ಮುಖ.

ಹೇಳಿಯೇಬಿಡುತ್ತೇನೆ. ಇಷ್ಟು ವರ್ಷದಲ್ಲಿ ನಾನು ಯಾವ ಬ್ರೀಫನ್ನೂ ‘ಇದು ನನ್ನಿಂದ ಆಗದು’ ಅಂತ ವಾಪಸು ಕಳಿಸಿಲ್ಲ ಸೀನ. ಬಿಟ್ಟ ಕೆಲಸಗಳಿವೆ, ಎಲ್ಲ ದುಡ್ಡು ಕಮ್ಮಿ ಅಂತಲೋ ಡೆಡ್‌ಲೈನ್ ಹತ್ತಿರ ಅಂತಲೋ. ಯಾರೂ ಪಿನೋಚೆಯ ಕೆಲಸ ತಂದಿಲ್ಲ, ಹಾಗಾಗಿ ನಾನು ಸಾವೆದ್ರಾ ಅಂತ ನಂಬಿಕೊಂಡು ಓಡಾಡುತ್ತಿದ್ದೇನೆ. ತಂದಿದ್ದರೆ? ಮೊದಲ ಪ್ರಶ್ನೆ ಟಾರ್ಗೆಟ್ ಯಾರು ಅಂತಲೇ ಇರುತ್ತಿತ್ತೇನೋ. ನೀನು ಒಪ್ಪಲಾರೆ, ನೀನು ಹಾಗಲ್ಲ ಕಣೋ ಅನ್ನುತ್ತೀಯ. ಅಂದರೆ ನೋಟ್‌ಪ್ಯಾಡಿನ ಆ ಪುಟ ಕಳಿಸುತ್ತೇನೆ.

ಡೆಲಿವರಿಯ ವಿಷಯ ಬೇರೆ. ಸಂತೋಷ ಬರುತ್ತಿದೆ ಅಂತ ಹೇಳಿ ಮಾರಿದ್ದರಲ್ಲ, ಮಾಲು ಪೂರ್ತಿ ತಲುಪಲಿಲ್ಲ. 1990ರ ಮಾರ್ಚಿನಲ್ಲಿ ‘ಬೇಡ’ ಬಣದ ಪಾತ್ರಿಸಿಯೊ ಐಲ್ವಿನ್ ಅಧ್ಯಕ್ಷನಾದ, ಸರಿ. ಆದರೆ ಪಿನೋಚೆ 1998ರವರೆಗೆ ಸೇನೆಯ ಮುಖ್ಯಸ್ಥನಾಗಿಯೇ ಉಳಿದ, ಆಮೇಲೆ ಆಜೀವ ಸೆನೆಟರು. ಅವನ 1980ರ ಸಂವಿಧಾನ ತಿದ್ದುಪಡಿಗಳ ತೇಪೆ ಹಾಕಿಕೊಂಡು ಇವತ್ತಿಗೂ ಜಾರಿಯಲ್ಲಿದೆ. ಬದಲಿಸಲು ಬರೆದ ಎರಡು ಕರಡುಗಳನ್ನು ಜನ 2022ರಲ್ಲೊಮ್ಮೆ, 2023ರಲ್ಲೊಮ್ಮೆ ತಿರಸ್ಕರಿಸಿದರು. 2019ರಲ್ಲಿ ರಾಜಧಾನಿ ಸಾಂತಿಯಾಗೊದ ಮೆಟ್ರೊ ಟಿಕೆಟ್ 30 ಪೆಸೊ ಏರಿದಾಗ ಬೀದಿಗಿಳಿದವರು ಕೂಗಿದ್ದು, ಇದು 30 ಪೆಸೊ ಅಲ್ಲ, 30 ವರ್ಷ ಅಂತ. ಆ 30 ವರ್ಷ ಶುರುವಾಗುವುದು ಎಲ್ಲಿಂದ ಅಂತ ಎಣಿಸಿ ನೋಡು. ನಮ್ಮ ಕಸುಬಿನಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ, ಮಾತು ನಮ್ಮದು, ಮಾಲು ಕ್ಲೈಂಟಿನದು. ನಾನೂ ಎಷ್ಟೋ ಮೀಟಿಂಗಿನಲ್ಲಿ ಹೇಳಿದ್ದೇನೆ. ಚೆನ್ನಾಗಿ ಕೇಳಿಸುತ್ತದೆ.

ಸರಿ, ಸಾಕು. ಊರವರೆಲ್ಲ ಓದುತ್ತಿದ್ದಾರೆ, ನನ್ನ ಕ್ಲೈಂಟುಗಳೂ ಇರಬಹುದು. ಅವರಿಗೆ: ಮೇಲೆ ಬರೆದದ್ದೆಲ್ಲ ಕ್ರಿಯೇಟಿವ್ ಸ್ವಾತಂತ್ರ್ಯ, ನಾಳೆಯ ಬ್ಯಾನರ್ ಸಮಯಕ್ಕೆ ಬರುತ್ತದೆ, ಲೋಗೋ ಸ್ವಲ್ಪ ದೊಡ್ಡದು ಮಾಡಿದ್ದೇನೆ.

ನಿನಗೆ: ಸಿನಿಮಾ ಇನ್ನೊಮ್ಮೆ ನೋಡುವಾಗ ಪಿಕ್ನಿಕ್ ದೃಶ್ಯದಲ್ಲಿ ಉದ್ದನೆಯ ಫ್ರೆಂಚ್ ಬ್ರೆಡ್ಡಿನ ಜಗಳ ಗಮನಿಸು. ಚಿಲಿಯಲ್ಲಿ ಯಾರಪ್ಪ ಇದನ್ನು ತಿನ್ನುತ್ತಾರೆ ಅಂತ ಸೆಟ್ಟಿನಲ್ಲೇ ತಕರಾರು. ಒಂದು ಕಡೆ ಸರ್ವಾಧಿಕಾರ, ಇನ್ನೊಂದು ಕಡೆ ಪ್ರಾಪ್ಸ್ ಡಿಪಾರ್ಟ್‌ಮೆಂಟ್. ನಮ್ಮ ಕೋಸಂಬರಿ ಶೂಟಿಂಗು ಜ್ಞಾಪಕ ಬಂತೇ? ಬೇಡ, ಇಲ್ಲಿ ಬರೆಯಬೇಡ. ಮತ್ತೆ ಹುಲಿಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ, ಅದು ಮೊದಲನೇ ಆಪ್ಷನ್ ಆಗಬೇಕಿತ್ತು.

ರಿಪೇರಿಯ ಬಿಲ್ಲು ಯಾರ ಹೆಸರಿಗೆ ಮಾಡಲಿ ಅಂತ ಒಂದು ಸಲಹೆ ಕೊಡು. ಕ್ಲೈಂಟು 2006ರಲ್ಲೇ ತೀರಿಕೊಂಡ. ಜಿಎಸ್‌ಟಿ ಬೇರೆ ಸೇರಿಸಬೇಕು.

ನಿನ್ನ,
ಮೌನ, ಮರುದಿನ ಮಕ್ಕಳಿರುವ ಸ್ಪಾಟ್ ಖ್ಯಾತಿಯ ಗೆಳೆಯ